ಎಡಗಡಿ ಏನದ

ಶಹಾಬಾದ
8 ಡಿಸೆಂಬರ್ 2023

ಪ್ರೀತಿಯ ಲುಂಬಿನಿ,

ಜೈಭೀಮ. ನೀ ಬಸ್ ಹತ್ತಿ ಹೋದ ಮ್ಯಾಲ ಮನಿ ಭಣಭಣ ಅನ್ನಲಿಕತ್ತದ. ನಿಮ್ಮ ವಸತಿ ಶಾಲಿ ಚಿಂಚೋಳಿ ಕಾಡಿನ ಅಂಚಿಗಿ ಅದ, ಅಲ್ಲಿ ಫೋನ್ ಹತ್ತೂದಿಲ್ಲ. ಹತ್ತಿದ್ರೂ ನಾ ಹಲೋ ಅನ್ನೂದ್ರಾಗ ಕಟ್ ಆಗ್ತದ. ಹೈದರಾಬಾದಿನ ಡಾಕ್ಟರೂ ಮೊಬೈಲ್ ಕಡಿಮಿ ನೋಡು, ಕೈಲೆ ಬರಿ, ತಲಿಗಿ ಛಲೋ ಅಂತ ಹೇಳಿ ಕಳಿಸ್ಯಾರ. ಅದಕ್ಕ ಇನ್ನ ಮ್ಯಾಲ ಕಾಗದ. ಲಗ್ನ ಆಗಿ ಎರಡು ವರ್ಷದ ಮ್ಯಾಲ ಹೆಂಡತಿಗಿ ಮೊದಲನೇ ಕಾಗದ ಬರೀಲಿಕತ್ತೀನಿ, ನಗಬ್ಯಾಡ.

ತಲಿಯ ಗಾಯ ಒಣಗ್ಯದ. ಕೂದಲಾ ಬರಲಿಕತ್ತಾವ. ಅವ್ವ ಕೈ ಆಡಿಸಿ "ತೊಗರಿ ಕೊಯ್ದ ಹೊಲದಂಗ ಆಗ್ಯದ" ಅಂತಾಳ. ಎಡಗೈ ಜರಾ ಜೋಮು ಹಿಡೀತದ, ಅಷ್ಟೇ. ತಲಿಯೊಳಗಿನ ಗಡ್ಡಿ ಪೂರಾ ತಗದೀವಿ, ಕೆಟ್ಟ ಗಡ್ಡಿ ಅಲ್ಲ ಅಂತ ನಿನ್ನ ಮುಂದೇ ಹೇಳ್ಯಾರಲ್ಲ. ಮತ್ತ್ಯಾಕ ನೀ ಬಸ್ಸಿನಾಗ ಕುಂತು ಕಣ್ಣು ಒರಸಿಕೊಂಡಿ? ಕಿಟಕಿಯಾಗ ಕಂಡೀನಿ.

ಒಂದೇ ದೂರು ಅದ. ಅವ್ವಗ ಜಿಪುಣತನ ಬಂದದ. ಅರ್ಧಾ ರೊಟ್ಟಿ, ಒಂದಿಷ್ಟು ಬ್ಯಾಳಿ ಹಾಕಿ ಸುಮ್ಮನಾಗ್ತಾಳ. "ಇನ್ನೂ ಹಾಕವ್ವ" ಅಂದ್ರ ನನ್ನ ಮಾರಿ ನೋಡಕೋತ ನಿಂದರ್ತಾಳ. ನನಗ ಗೊತ್ತಿಲ್ಲದಂಗ ಡಾಕ್ಟರ್ ಏನರೆ ಪಥ್ಯ ಹೇಳ್ಯಾರೇನು?

ನಿನ್ನೆ ಅರುಣಕುಮಾರ ಬಂದಿದ್ದ. ನನ್ನ ಜೊತಿಗೇ ರೇಲ್ವೆಕ್ಕ ಭರ್ತಿ ಆದವ, ಈಗ ಅವನೂ ವಾಡಿಯಿಂದ ಮಾಲಗಾಡಿ ನಡಸ್ತಾನ. "ಲಗೂನ ಬಾರಲೇ, ನಿನ್ನ ಪಾಲಿನ ಗಾಡಿನೂ ನಾವೇ ಎಳೀಲಿಕತ್ತೀವಿ" ಅಂದ. ಫೆಬ್ರುವರಿಯಾಗ ರೇಲ್ವೆ ಡಾಕ್ಟರ ಮುಂದ ಹೋಗಿ ಪಾಸಾಗಿ ಬರ್ತೀನಿ. ನೀ ಅಲ್ಲಿ ಹುಡುಗ್ಯಾರ ಪರೀಕ್ಷಾ ನೋಡಕೋ, ಇಲ್ಲಿ ನಾ ನಂದು ನೋಡಕೋತೀನಿ.

ನಿನ್ನ
ಸುರೇಶಕುಮಾರ


ಚಿಂಚೋಳಿ
17 ಡಿಸೆಂಬರ್ 2023

ಮನಿಯವರಿಗಿ ಜೈಭೀಮ.

ಕಾಗದ ಮುಟ್ಟಿತು. ಈ ಉತ್ತರ ನಮ್ಮ ರೂಟಿನ ಕಂಡಕ್ಟರ್ ಮಜೀದಸಾಬರ ಕೈಯಾಗ ಕೊಟ್ಟು ಕಳಿಸಲಿಕತ್ತೀನಿ. ಪೋಸ್ಟಿನ ಹಾದಿ ಕಾಯೂದು ನನ್ನಿಂದ ಆಗೂದಿಲ್ಲ.

ನೀವು ನಗಿಸಿ ಬರದ ಕಾಗದ ನಾ ಎರಡು ಸಲ ಓದಿದೆ. ಎರಡನೇ ಸಲ ನಗಿ ಬರಲಿಲ್ಲ. ಎಡಗೈ ಜೋಮು ಅಂತೀರಿ, ಅದು ಎಷ್ಟೊತ್ತು ಇರ್ತದ? ಲೋಟ ಹಿಡಿಲಿಕ್ಕ ಬರ್ತದೋ ಇಲ್ಲೋ? ಫಿಟ್ಸ್ ಬರಬಾರದಂತ ಕೊಟ್ಟ ಗುಳಿಗಿ ಒಂದೂ ತಪ್ಪಿಸಿಲ್ಲ ಹೌದಿಲ್ಲೋ? ಅಡ್ಡಾಡುವಾಗ ಜೋಲಿ ಹೋಗ್ತದೇನು? ಹೋದ ಭಾನುವಾರ ನೀರಿನ ಟಾಕಿ ಮ್ಯಾಲ ಹತ್ತಿ ಫೋನ್ ಹಚ್ಚಿ ಇವನ್ನೇ ಕೇಳಿದೆ. ನೀವು "ಎಲ್ಲಾ ಆರಾಮ" ಅಂದ್ರಿ. ದವಾಖಾನಿಗಿ ಒಯ್ಯೋ ದಿನಾನೂ ಹಂಗೇ ಅಂದಿದ್ರಿ.

ನನ್ನ ರಜಾ ಎಲ್ಲಾ ಆಪರೇಷನ್ ಹೊತ್ತಿಗಿ ತೀರ್ಯಾವ. ಹೆಡ್ ಮೇಡಂ ಒಳ್ಳೆಯವರು, ಆದ್ರ ವಾರ್ಡನ್ ಕೆಲಸಾನೂ ನಂದೇ. ಹುಡುಗ್ಯಾರನ್ನ ಬಿಟ್ಟು ಬರ್ಲಿಕ್ಕ ಆಗೂದಿಲ್ಲ. ಬೋರ್ಡಿನ ಮ್ಯಾಲ ಲೆಕ್ಕ ಬರೀತಿರ್ತೀನಿ, ನಡುವೇ ಕೈ ನಿಂದರ್ತದ. ಈಗ ನೀವು ಏನ್ ಮಾಡ್ಲಿಕತ್ತಿರಬೇಕು ಅಂತ ಅನಿಸ್ತದ. ಹುಡುಗ್ಯಾರು "ಟೀಚರ್, ಮುಂದ?" ಅಂತಾರ.

ಕೇಳಿದ್ದಕ್ಕ ಒಂದೊಂದಾಗಿ ಉತ್ತರ ಬರೀರಿ.

ನಿಮ್ಮ
ಲುಂಬಿನಿ


ಶಹಾಬಾದ
2 ಜನವರಿ 2024

ಲುಂಬಿನಿ ತಾಯಿಗಿ ಮಾವ ಮಾಣಿಕಪ್ಪನ ಆಶೀರ್ವಾದ.

ಇದನ್ನ ನಾ ನನ್ನ ದೋಸ್ತ ಹಾಜಿಮಲಂಗನ ಪರಸಿಕಲ್ಲು ಪಾಲಿಶ್ ಮಾಡೋ ಮಶೀನಿನ ಶೆಡ್ಡಿನಾಗ ಕುಂತು ಬರೀಲಿಕತ್ತೀನಿ. ಮನಿಯಾಗ ಬರದ್ರ ಸುರೇಶ ಕೇಳ್ತಾನ. ಮಶೀನಿನ ಸಪ್ಪಳಕ್ಕ ವಿಚಾರ ಓಡೂದಿಲ್ಲ, ಅಕ್ಷರ ತಪ್ಪಿದ್ರ ಮಾಫ್ ಮಾಡು.

ನಿಮ್ಮ ಅತ್ತಿ ಅನಸುಬಾಯಿ ಮೊದಲ ನೋಡ್ಯಾಳ, ಆಮ್ಯಾಲ ನನಗ ತೋರಿಸ್ಯಾಳ. ಸುರೇಶ ತಾಟಿನ ಬಲಗಡಿದು ಅಷ್ಟೇ ಉಣ್ತಾನ. ಎಡಗಡಿಯ ರೊಟ್ಟಿ, ಪುಂಡಿಪಲ್ಯ ಹಂಗೇ ಉಳೀತಾವ. ಉಂಡು ಮುಗಿಸಿ "ಇಷ್ಟೇ ಏನವ್ವ" ಅಂತ ಕೇಳ್ತಾನ. ಆಕಿ ತಾಟು ತಿರುವಿ ಇಟ್ರ, "ಹಾಂ, ಈಗ ಹಾಕಿದಿ ನೋಡು" ಅಂತ ಉಳಿದದ್ದು ಉಣ್ತಾನ. ಇದು ಒಂದು ದಿನದ್ದಲ್ಲ, ದಿನಾ ಹಿಂಗೇ. ದಾಡಿ ಮಾಡಿಕೊಂಡು ಹೊರಗ ಬಂದ್ರ ಎಡಗಲ್ಲದ ಮ್ಯಾಲ ಕೂದಲಾ ಹಂಗೇ ಇರ್ತಾವ. ಕನ್ನಡಿ ಮುಂದ ನಿಂತು ಮಾಡಿಕೊಂಡಾನ ಮತ್ತ! ಬಾಗಲದಾಗ ಎಡಭುಜ ಬಡಕೋತಾನ, "ಈ ಚೌಕಟ್ಟು ಯಾರು ಸರಿಸ್ಯಾರ" ಅಂತ ಸಿಟ್ಟಿಗೇಳ್ತಾನ.

ಕಣ್ಣಿನ ಡಾಕ್ಟರಗ ತೋರಿಸಿದೆ. ಕಣ್ಣು ಪೈಲಾ ನಂಬರ್ ಅವ ಅಂದ್ರು. ಮತ್ತ ಏನಿದು?

ಮೋಟಾರ್ ಸೈಕಲ್ ಕೀಲಿ ನಾ ಅಡಗಿಸಿ ಇಟ್ಟೀನಿ. ಫೆಬ್ರುವರಿಯಾಗ ಇಂಜಿನ್ ಹತ್ತತೀನಿ ಅಂತ ದಿನಾ ಕುಣೀಲಿಕತ್ತಾನ. ನನಗ ಜೀವದಾಗ ಜೀವ ಇಲ್ಲ. ಈ ಕಾಗದದ ಸುದ್ದಿ ಅವನ ಮುಂದ ಎತ್ತಬ್ಯಾಡ.

ಇಂತಿ
ಮಾಣಿಕಪ್ಪ


ಚಿಂಚೋಳಿ
9 ಜನವರಿ 2024

ಮಾವನವರಿಗಿ ಶರಣು, ಜೈಭೀಮ.

ನಿಮ್ಮ ಕಾಗದ ಓದಿ ನಾ ಚಿಂಚೋಳಿ ಊರೊಳಗ ಬಂದು ಹೈದರಾಬಾದಿನ ದವಾಖಾನಿಗಿ ಫೋನ್ ಹಚ್ಚಿದೆ. ಡಾಕ್ಟರ್ ಸಿಗೂತನ ಬಸ್ ಸ್ಟ್ಯಾಂಡಿನಾಗೇ ಕುಂತಿದ್ದೆ.

ಅವರು ಹೇಳಿದ್ದು ಇಷ್ಟು. ಕಣ್ಣಿನಾಗ ಏನೂ ದೋಷ ಇಲ್ಲ. ಗಡ್ಡಿ ಇದ್ದದ್ದು ತಲಿಯ ಬಲಗಡಿ. ಎಡಗಡಿಯ ಜಗತ್ತನ್ನ ಗಮನಿಸೂದು ಆ ಭಾಗದ ಕೆಲಸ. ಅದಕ್ಕ ಪೆಟ್ಟು ಬಿದ್ರ ಕಣ್ಣು ನೋಡಿದ್ರೂ ತಲಿ ತಗೊಳ್ಳೂದಿಲ್ಲ. ನಾ ಕೇಳಿದೆ, "ಸರ್, ಅವರು ನಮ್ಮ ಮುಂದ ಮುಚ್ಚಿಡ್ಲಿಕತ್ತಾರೇನು?" ಅವರಂದ್ರು, "ಇಲ್ಲಮ್ಮ, ಅವರಿಗೇ ಗೊತ್ತಿರೂದಿಲ್ಲ. ಏನೂ ಕಳಕೊಂಡಂಗ ಅನಿಸೂದೇ ಇಲ್ಲ. ಅದೇ ಈ ಬ್ಯಾನಿಯ ಕಷ್ಟ."

ಮಾವ, ಸುಳ್ಳು ಹೇಳಲಿಕತ್ತಾರ ಅಂದಿದ್ರ ನನಗ ಸಿಟ್ಟು ಬರ್ತಿತ್ತು. ಈಗ ಅಂಜಿಕಿ ಬಂದದ.

ತಾಲೀಮು ಮಾಡಿಸಿದ್ರ ಮೆಲ್ಲಕ ಸುಧಾರಸ್ತದಂತ. ಪೂರಾ ಆಗ್ತದೋ ಅರ್ಧಾ ಆಗ್ತದೋ ಹೇಳಲಿಕ್ಕ ಬರೂದಿಲ್ಲ ಅಂದ್ರು. ಗಾಡಿ ಗೀಡಿ ನಡಸೂದಂತೂ ಬ್ಯಾಡೇ ಬ್ಯಾಡ. ಅತ್ತಿ ಅವರ ಎಡಗಡಿ ಕುಂತು ಮಾತಾಡಲಿ, ಬೇಕಾದ ಸಾಮಾನು ಎಡಗಡಿ ಇಡ್ರಿ, ಪ್ರತಿ ಸಲ "ಎಡಗಡಿ ಏನದ?" ಅಂತ ಕೇಳ್ರಿ ಅಂದ್ರು.

ಆದ್ರ ಮೊದಲ ಅವರಿಗಿ ಯಾರರೆ ಹೇಳಬೇಕಲ್ಲ. ಮಾವ, ನೀವೇ ಹೇಳ್ರಿ. ಕಾಗದದಾಗ ಬರೀಲಿಕ್ಕ ಕುಂತ್ರ ನನ್ನ ಕೈ ಏಳೂದಿಲ್ಲ. ಇಂಜಿನ್ ಹತ್ತಿದ ದಿನಾ ಅವರು ಹ್ಯಾಂಗ ಮನಿಗಿ ಬರ್ತಿದ್ರು, ನಿಮಗ ಗೊತ್ತದ.

ನಿಮ್ಮ ಸೊಸಿ
ಲುಂಬಿನಿ


ಶಹಾಬಾದ
21 ಜನವರಿ 2024

ಲುಂಬಿನಿಗಿ,

ನೀನೂ ಅಪ್ಪನೂ ಕೂಡಿಕೊಂಡು ನನ್ನನ್ನ ಕುರುಡ ಮಾಡಲಿಕತ್ತೀರಿ.

ನಿನ್ನೆ ಅಪ್ಪ ಎದುರಿಗಿ ಕುಂತು ಹೇಳಿದ. ಎಡಗಡಿ ನಿನಗ ಕಾಣೂದಿಲ್ಲಂತ. "ಅಪ್ಪಾ, ನಿನ್ನ ಹಿಂದಿನ ಗ್ವಾಡಿ ಮ್ಯಾಲಿನ ಕ್ಯಾಲೆಂಡರ್ ಓದಿ ತೋರಿಸ್ಲೇನು?" ಅಂದು ಓದಿ ತೋರಿಸಿದೆ. ಅವ ತಿರುಗಿ ಕ್ಯಾಲೆಂಡರ್ ನೋಡಿದ. ಆಮ್ಯಾಲ "ಶುಕ್ರವಾರ ಶನಿವಾರ ಓದಿದಿ. ರವಿವಾರ ಎಲ್ಲದಪ್ಪಾ?" ಅಂದ. ವಾರದ ಹೆಸರು ಬಾಯಿಪಾಠ ಹೇಳಲಿಕ್ಕ ನಾ ಸಾಲಿ ಹುಡುಗೇನು?

ಅವ್ವ ಬಂದು ಬಂದು ಒಂದೇ ಮಗ್ಗಲಿಗಿ ಕುಂದರ್ತಾಳ. ಕೀಲಿ ಕೇಳಿದ್ರ ಕಳದದ ಅಂತಾರ. ನನ್ನ ಕಣ್ಣು ನನಗ ಗೊತ್ತಿಲ್ಲೇನು? ವಾಡಿಯಿಂದ ಸೇಡಂ ತನ ಯಾವ ಸಿಗ್ನಲ್ ಯಾವ ತಿರುವಿನಾಗ ಅದ, ಕಣ್ಣು ಮುಚ್ಚಿ ಹೇಳ್ತೀನಿ. ನಾ ಇಂಜಿನ್ ಹತ್ತೂದು ಬ್ಯಾಡ ಅಂತ ನಿನಗೂ ಇದ್ರ ನೇರ ಬರಿ. ಡಾಕ್ಟರ್ ಹಿಂದ, ಅಪ್ಪನ ಹಿಂದ ಅಡಗಬ್ಯಾಡ.

ರೇಲ್ವೆ ಡಾಕ್ಟರ ತಾರೀಖು ಗೊತ್ತಾಗ್ಯದ, ಫೆಬ್ರುವರಿ ಹನ್ನೆರಡು. ನಾ ಹೋಗಾಂವ.

ಸುರೇಶಕುಮಾರ


ಚಿಂಚೋಳಿ
7 ಫೆಬ್ರುವರಿ 2024

ಮನಿಯವರಿಗಿ,

ನಿಮ್ಮ ಸಿಟ್ಟಿನ ಕಾಗದಕ್ಕ ನಾ ಉತ್ತರ ಬರೀಲಿಲ್ಲ. ಶನಿವಾರ ನಾನೇ ಬಂದೆ. ಭಾನುವಾರ ಆದದ್ದರ ಮ್ಯಾಲ ನೀವು ಮಾತಾಡಲಿಲ್ಲ, ನಾನೂ ಮಾತಾಡದೇ ಬಸ್ ಹತ್ತಿದೆ. ಇಲ್ಲಿ ಬಂದ ಮ್ಯಾಲ ನನಗ ಅನ್ನ ಸೇರಲಿಕ್ಕತ್ತಿಲ್ಲ. ಅದಕ್ಕ ಬರೀಲಿಕತ್ತೀನಿ. ನಿಮ್ಮನ್ನ ಗೆಲ್ಲಬೇಕಂತ ಅಲ್ಲ.

ಶನಿವಾರ ನಾ ಬಂದಾಗ ನೀವು ಕಟ್ಟಿ ಮ್ಯಾಲ ಕುಂತಿದ್ರಿ. ಬಲಗಡಿ ಮಾವ, ಎದುರಿಗಿ ಹಾಜಿಮಲಂಗ್ ಚಾಚಾ. ನಾ ನಿಮ್ಮ ಎಡಗಡಿಯ ಮೆಟ್ಟಿಲು ಹತ್ತಿ ಬಂದು ನಿಂತೆ. ಕೈ ಚಾಚಿದ್ರ ನಿಮ್ಮ ಭುಜ ಸಿಗ್ತಿತ್ತು. ನೀವು ಚಾ ಕುಡಕೋತ "ಲುಂಬಿನಿ ಬಸ್ ಇನ್ನೂ ಯಾಕ ಬರಲಿಲ್ಲಪ್ಪಾ?" ಅಂತ ಮಾವಗ ಕೇಳಿದ್ರಿ. ಚಾಚಾ ಬಾಯಿ ತಗದ್ರು, ನಾ ಬ್ಯಾಡ ಅಂತ ಕೈ ಮಾಡಿದೆ. ನೀವು ತಿರುಗಿ ನೋಡ್ತೀರಿ, ಈಗ ನೋಡ್ತೀರಿ ಅಂತ ನಿಂತೆ. ಚಾ ಮುಗೀತು. ನನ್ನ ಬ್ಯಾಗ್ ಕೆಳಗ ಬಿತ್ತು, ಆಗಲೂ ನೀವು ಬಲಗಡಿಗೇ ನೋಡಿದ್ರಿ. ಕೊನಿಗಿ ನಾ ಭುಜ ಮುಟ್ಟಿದಾಗ ನೀವು ಹೌಹಾರಿ "ಎಲ್ಲಿಂದ ಬಂದಿ?" ಅಂದ್ರಿ. ನಾ ನಕ್ಕೆ. ಒಳಗ ಹೋಗಿ ಅತ್ತಿ ಸೆರಗಿನಾಗ ಮಾರಿ ಮುಚ್ಚಿ ಅತ್ತೆ.

ಭಾನುವಾರ ಮುಂಜಾನಿ "ನಡಿ, ನಿನಗ ತೋರಿಸ್ತೀನಿ ನಾ ಎಷ್ಟು ಆರಾಮ ಆಗೀನಿ" ಅಂತ ಕರಕೊಂಡು ಹೊಂಟ್ರಿ. ಪಾಲಿಶ್ ಮಶೀನಿನ ಶೆಡ್ಡುಗಳ ಹಿಂದ ಜನಾ ಹಳಿ ದಾಟೋ ಜಾಗಾ. ನೀವು ಬಲಗಡಿ ನೋಡಿದ್ರಿ, "ಲೈನ್ ಖಾಲಿ ಅದ" ಅಂದ್ರಿ, ಕಾಲಿಟ್ರಿ. ಹಾರ್ನ್ ಆಯ್ತು. ನೀವು ಬಲಗಡಿಗಿ ತಿರುಗಿದ್ರಿ. ಮತ್ತ ಹಾರ್ನ್, ಮತ್ತ ಬಲಗಡಿ. ಹಳಿ ನಡುವ ನಿಂತು ನನಗ ಕೇಳಿದ್ರಿ, "ಎಲ್ಲದ?"

ನಿಮ್ಮ ಅಂಗಿ ಹಿಡದು ನಾ ಎಳದೆ. ಇಬ್ಬರೂ ಜಲ್ಲಿಕಲ್ಲಿನ ಮ್ಯಾಲ ಬಿದ್ವಿ. ಮಾಲಗಾಡಿ ಹೋಗಿ ಮುಗಿಯೂತನ ನೀವು ನನ್ನ ಕೈ ಬಿಡಲಿಲ್ಲ.

ಹನ್ನೆರಡಕ್ಕ ನೀವು ಹೋಗಬ್ಯಾಡ್ರಿ ಅಂತ ನಾ ಹೇಳೂದಿಲ್ಲ. ಅಡ್ಡ ಬಂದು ನಿಂತ್ರ ಜನ್ಮಪೂರ್ತಿ "ನೀ ಬಿಡಲಿಲ್ಲ" ಅನ್ನೂದು ನಿಮ್ಮ ಮನಸಿನಾಗ ಉಳೀತದ. ಆ ಗಾಡಿಯ ಡ್ರೈವರ್ ಕಿಟಕಿಯಿಂದ ನಮ್ಮನ್ನ ನೋಡ್ದ. ಆ ಮಾರಿ ನನ್ನ ಕಣ್ಣಾಗಿಂದ ಹೋಗಲಿಕ್ಕತ್ತಿಲ್ಲ. ನಿಮಗ ಅಂಥ ಮಾರಿ ಹ್ಯಾಂಗ ಆಗ್ತದ ಅನ್ನೂದು ನನಗಿಂತ ಹೆಚ್ಚು ಗೊತ್ತದ. ನೀವು ಏನ್ ಮಾಡ್ತೀರಿ ಅದು ನಿಮಗ ಬಿಟ್ಟದ್ದು.

ನಿಮ್ಮ
ಲುಂಬಿನಿ


ಶಹಾಬಾದ
19 ಫೆಬ್ರುವರಿ 2024

ಲುಂಬಿನಿ,

ಹೋಗಿ ಬಂದೆ.

ಮೊದಲ ಕಣ್ಣಿನ ಪರೀಕ್ಷಾ ಆಯ್ತು. ಅತ್ಯಂತ ಸಣ್ಣ ಅಕ್ಷರದ ಸಾಲು ಓದಿದೆ. ಡಾಕ್ಟರ್ ಸಾಹೇಬ್ರು ಖುಷಿಯಾಗಿ ಪೆನ್ ತಗೊಂಡ್ರು. ಆಗ ನನ್ನ ಬಾಯಿಂದ ಬಂತು, "ಸಾಹೇಬ್ರ, ಜರಾ ನಿಂದರ್ರಿ."

"ಏನು?"

"ಹೋದ ವಾರ ನಾ ಹಳಿ ಮ್ಯಾಲ ನಿಂತು ಗಾಡಿ ನೋಡಲಿಲ್ಲರಿ. ಹಾರ್ನ್ ಕೇಳಿಸ್ತು. ಗಾಡಿ ಎಲ್ಲದ ಅಂತ ಹೆಂಡತಿಗಿ ಕೇಳಿದೆ."

ಸಾಹೇಬ್ರು ಪೆನ್ ಕೆಳಗಿಟ್ರು. ಒಂದು ಹಾಳಿ ಮ್ಯಾಲ ಸಣ್ಣ ಸಣ್ಣ ಗೀಟು ಇದ್ವು, ಎಲ್ಲಾದಕ್ಕೂ ಅಡ್ಡ ಗೀಟು ಹೊಡಿ ಅಂದ್ರು. ಹೊಡದೆ. "ಮುಗೀತು?" ಅಂದ್ರು. "ಮುಗೀತುರಿ" ಅಂದೆ. ಹಾಳಿ ತಿರುವಿ ನನ್ನ ಮುಂದಿಟ್ರು. ಲುಂಬಿನಿ, ಅರ್ಧಾ ಗೀಟು ಹಂಗೇ ಇದ್ವು. ನಾ ಮುಟ್ಟೇ ಇರಲಿಲ್ಲ. ಅವು ಅಲ್ಲಿ ಇದ್ವು ಅನ್ನೂದೇ ನನಗ ಗೊತ್ತಿರಲಿಲ್ಲ.

ಅಲ್ಲೀತನ ನಾ ನಿನ್ನನ್ನೂ ನಂಬಿರಲಿಲ್ಲ, ಹಳಿ ಮ್ಯಾಲ ಆದದ್ದನ್ನೂ ಪೂರಾ ನಂಬಿರಲಿಲ್ಲ. ಮಶೀನಿನ ಸಪ್ಪಳಕ್ಕ ಹಂಗಾಗಿರಬೇಕು ಅಂದುಕೊಂಡಿದ್ದೆ. ಆದ್ರ ಆ ಡ್ರೈವರನ ಮಾರಿ ಅಂತ ನೀ ಬರದಿದ್ದಿ, ಅದಕ್ಕೇ ಸಾಹೇಬ್ರ ಮುಂದ ಬಾಯಿ ಬಿಟ್ಟೆ. ಮೂರು ವರ್ಷದ ಹಿಂದ ಚಿತ್ತಾಪುರದ ಹತ್ರ ಒಬ್ಬಾಂವ ನನ್ನ ಗಾಡಿ ಮುಂದ ಬಂದ. ಬ್ರೇಕ್ ಹಾಕಿದ್ರೂ ಮಾಲಗಾಡಿ ನಿಂದರೂದಿಲ್ಲ. ಅದನ್ನ ಲಗ್ನದ ಮೊದಲ ನಿನಗ ಹೇಳಬೇಕಂತಿದ್ದೆ, ಹೇಳಲಿಲ್ಲ. ಸಿಗ್ನಲ್ ಇರೂದು ಎಡಗಡಿಗಿ. ಎಡಗಡಿ ಏನದ ಅಂತ ಗೊತ್ತಿಲ್ಲದಾಂವ ಆ ಸೀಟಿನ ಮ್ಯಾಲ ಕುಂತ್ರ ಏನಾಗ್ತದ, ನನಗಿಂತ ಚಂದ ಯಾರಿಗಿ ಗೊತ್ತದ.

ಇಂಜಿನ್ ಕೆಲಸ ಆಗೂದಿಲ್ಲ ಅಂತ ಬರದಾರ. ಕುಂತು ಮಾಡೋ ಕೆಲಸ ಕೊಡ್ತಾರ ಅಂತ. ಹೊರಗ ಬಂದು ವಾಡಿ ಪ್ಲಾಟ್‌ಫಾರ್ಮಿನ ಮ್ಯಾಲ ಗಾಡಿಗಳ ಕಡಿ ಬೆನ್ನು ಮಾಡಿ ಕುಂತೆ. ಅವ್ವಗ ಇನ್ನೂ ಹೇಳಿಲ್ಲ. ಹೆಚ್ಚಿಗಿ ಬರೀಲಿಕ್ಕ ಆಗೂದಿಲ್ಲ.

ಸುರೇಶ


ಶಹಾಬಾದ
15 ಮಾರ್ಚ್ 2024

ಲುಂಬಿನಿ ತಾಯಿಗಿ ಮಾಣಿಕಪ್ಪನ ಆಶೀರ್ವಾದ.

ಬುಧವಾರ ಮುಂಜಾನಿ ಸುರೇಶನಿಗಿ ಫಿಟ್ಸ್ ಬಂತು. ನಿನಗ ಫೋನ್ ಹತ್ತಲಿಲ್ಲ, ಶಾಲಿಯ ಆಫೀಸಿಗಿ ಹೇಳಿದ್ದೆ, ನೀ ತಿರುಗಿ ಹಚ್ಚಿದಾಗ ಅರ್ಧಾ ಮಾತು ನನಗ ಕೇಳಲಿಲ್ಲ. ಅದಕ್ಕ ಸಮಾಧಾನದಿಂದ ಬರೀಲಿಕತ್ತೀನಿ. ಈಗ ಆರಾಮ ಅದಾನ. ಗುಳಿಗಿ ಹೆಚ್ಚು ಮಾಡ್ಯಾರ.

ಹೈದರಾಬಾದಿಗಿ ಒಯ್ದು ಸ್ಕ್ಯಾನ್ ಮಾಡಿಸಿದ್ವಿ. ಹಳೇ ಜಾಗಾದಾಗ ಏನೋ ಬಿಳೇದು ಕಾಣ್ತದಂತ. ಆಪರೇಷನ್ ಗಾಯದ ಕಲಿ ಇರಬಹುದು, ಗಡ್ಡಿ ತಿರುಗಿ ಬಂದಿರಬಹುದು, ಈಗೇ ಹೇಳಲಿಕ್ಕ ಬರೂದಿಲ್ಲ, ಜುಲೈದಾಗ ಮತ್ತ ನೋಡೋಣ ಅಂದ್ರು. ಅಲ್ಲೀತನ ಹ್ಯಾಂಗ ಇರಬೇಕು ಅಂತ ಯಾರೂ ಹೇಳಲಿಲ್ಲ.

ರೇಲ್ವೆ ಡಾಕ್ಟರ ಹತ್ರ ಹೋಗಿ ಬಂದಾಗಿಂದ ಅವ ಮಾತೇ ಬಿಟ್ಟಿದ್ದ. ಗಾಡಿ ಸಪ್ಪಳ ಕೇಳಿದ್ರ ಎದ್ದು ಒಳಗ ಹೋಗ್ತಿದ್ದ. ಫಿಟ್ಸ್ ಬಂದ ಮ್ಯಾಲ ಒಂದು ಬದಲ ಆಗ್ಯದ. ನಿಮ್ಮ ಅತ್ತಿ ತಾಟಿನ ಎಡ ಅಂಚಿಗಿ ಕೆಂಪು ಪಟ್ಟಿ ಹಚ್ಯಾಳ, ಬಾಗಿಲ ಚೌಕಟ್ಟಿಗೂ ಹಚ್ಯಾಳ. ಮೊದಲ ಕಿತ್ತಿ ಒಗೀತಿದ್ದ. ಈಗ ಕೆಂಪು ಕಾಣೂತನ ಕುತ್ತಿಗಿ ತಿರುವು ಅಂದ್ರ ತಿರುವ್ತಾನ. ಆಕಿ ಎಡಕ್ಕ ಕುಂತು "ತಮ್ಮಾ, ನಾ ಎಲ್ಲಿದೀನಿ?" ಅಂತಾಳ. ಒಮ್ಮೊಮ್ಮೆ ಅವನಿಗಿ ಸಿಗ್ತಾಳ, ಒಮ್ಮೊಮ್ಮೆ ಸಿಗೂದಿಲ್ಲ. ಸಿಗದಾಗ ಆಕಿ ಮಾರಿ ನೋಡಬಾರದವ್ವ.

ನಿಮ್ಮ ಪರೀಕ್ಷಾ ಮುಗಿದ ದಿನಾನೇ ಬಂದುಬಿಡು.

ಇಂತಿ
ಮಾಣಿಕಪ್ಪ


ಶಹಾಬಾದ
5 ಜುಲೈ 2024

ಪ್ರೀತಿಯ ಲುಂಬಿನಿ,

ಸೂಟಿ ಪೂರ್ತಿ ನೀ ಇಲ್ಲೇ ಇದ್ದಿ. ನೀ ಹೋಗಿ ತಿಂಗಳು ಆದ ಮ್ಯಾಲ ಮತ್ತ ಪೆನ್ ಹಿಡದೀನಿ.

ಈ ಸೋಮವಾರದಿಂದ ವಾಡಿಯಾಗ ಹೊಸ ಕೆಲಸಕ್ಕ ಹೋಗಲಿಕತ್ತೀನಿ. ಡ್ರೈವರಗಳಿಗಿ ಡ್ಯೂಟಿ ಹಚ್ಚೋ ಆಫೀಸು. ಯಾರು ಯಾವ ಗಾಡಿಗಿ, ಯಾರಿಗಿ ವಿಶ್ರಾಂತಿ ಆಗ್ಯದ, ಯಾರಿಗಿ ಆಗಿಲ್ಲ, ಅದನ್ನ ನೋಡೂದು. ಹೋಗೂದು ಬರೂದು ಪ್ಯಾಸೆಂಜರ್ ಗಾಡಿಯಾಗ, ಜೊತಿಗಿ ಅಪ್ಪ ಬರ್ತಾನ. ಈ ವಯಸ್ಸಿನಾಗ ಮಗನ್ನ ಸಾಲಿಗಿ ಬಿಡಲಿಕ್ಕ ಹೊಂಟಂಗ ಡಬ್ಬಿ ಹಿಡಕೊಂಡು ಬರ್ತಾನ.

ಮೊದಲನೇ ದಿನ ಸಿದ್ದಣ್ಣ ಬಂದಿದ್ದ. ನನ್ನ ಇಂಜಿನಿನಾಗ ಸಹಾಯಕ ಆಗಿದ್ದಾಂವ, ಈಗ ಅವನೇ ಡ್ರೈವರ್. ಸಹಿ ಮಾಡಲಿಕ್ಕ ಮುಂದ ನಿಂತು ತಲಿ ಎತ್ತಲಿಲ್ಲ. "ನಿನ್ನೆ ನಿದ್ದಿ ಆಗ್ಯದೇನೋ?" ಅಂದೆ. "ಆಗ್ಯದ್ರಿ ಸರ್" ಅಂದ. "ಖರೇ ಹೇಳು." ಆಗ ತಲಿ ಎತ್ತಿದ, "ಇಲ್ರಿ, ಮಗಳಿಗಿ ಜ್ವರ ಇತ್ತು" ಅಂದ. ಅವನನ್ನ ಗಾಡಿ ಹತ್ತಗೊಡಲಿಲ್ಲ, ಬ್ಯಾರೆಯವರನ್ನ ಹಚ್ಚಿದೆ. ಸಾಹೇಬ್ರು ಬೈದ್ರು. ಬೈಸಿಕೊಂಡೆ. ಆ ದಿನ ಮನಿಗಿ ಬಂದು ಎರಡು ರೊಟ್ಟಿ ಹೆಚ್ಚಿಗಿ ಉಂಡೆ.

ಇದೆಲ್ಲಾ ಛಲೋ ಸುದ್ದಿ. ಇನ್ನೊಂದು ಬರೀತೀನಿ.

ಇಪ್ಪತ್ತೆರಡಕ್ಕ ಸ್ಕ್ಯಾನ್ ಅದ. ನನಗ ಭಾಳ ಅಂಜಿಕಿ ಬರ್ತದ, ಲುಂಬಿನಿ. ಅಂಗಿ ಗುಂಡಿ ಹಾಕುವಾಗ ಎಡಗೈ ತಡವರಿಸಿದ್ರ, ಬಂತು, ತಿರುಗಿ ಬಂತು ಅನಿಸ್ತದ. ಅವ್ವನ ಹೆಸರು ಕರೀಲಿಕ್ಕ ಒಂದು ಕ್ಷಣ ತಡ ಆದ್ರೂ ಹಂಗೇ. ತಲಿ ಒಡಿಸಿಕೊಂಡು ಮತ್ತ ಆ ದವಾಖಾನಿ ಕ್ವಾಣಿಯಾಗ ಮಲಗೂದು ನನ್ನಿಂದ ಆಗೂದಿಲ್ಲ. ಅಪ್ಪನ ಮುಂದ ನಗ್ತೀನಿ, ನಿನ್ನ ಮುಂದನೂ ಸೂಟಿ ಪೂರ್ತಿ ನಕ್ಕೀನಿ. ಅಪ್ಪನ ಜೊತಿಗಿ ಹೋಗಿ ಬರ್ತೀನಿ, ನೀ ರಜಾ ಹಾಕಬ್ಯಾಡ ಅಂತ ಹೇಳಿದ್ದೆ.

ರಜಾ ಹಾಕು. ನೀ ಬಾ.

ನಿನ್ನ
ಸುರೇಶ


ಚಿಂಚೋಳಿ
28 ಜುಲೈ 2024

ನನ್ನ ಪ್ರೀತಿಯ ಸುರೇಶ ಅವರಿಗಿ,

ಸುಖವಾಗಿ ಮುಟ್ಟೀನಿ. ಕಾಡಿನ ಹಾದಿ ಎಲ್ಲಾ ಕೆಸರು. ಹುಡುಗ್ಯಾರು ಗೇಟಿನ ತನ ಓಡಿ ಬಂದು "ಸರ್ ಹ್ಯಾಂಗಿದಾರ್ರಿ?" ಅಂತ ಕೇಳಿದ್ರು. "ಗಡ್ಡಿ ಬಂದಿಲ್ಲ, ಕಲಿ ಅಷ್ಟೇ" ಅಂದೆ. ಬಾಯಿಲೆ ಎಷ್ಟು ಸಲ ಅಂದ್ರೂ ನನಗ ಇನ್ನೂ ನಂಬಿಕಿ ಬರಲಿಕ್ಕತ್ತಿಲ್ಲ. ಆರು ತಿಂಗಳಿಗೊಮ್ಮೆ ಬಂದು ತೋರಿಸ್ರಿ ಅಂದಾರಲ್ಲ, ಆ ಮಾತು ಕಿವಿಯಾಗ ಉಳದದ. ಪ್ರತಿ ಆರು ತಿಂಗಳಿಗೂ ಹಿಂಗೇ ಜೀವ ಹಿಡಕೊಂಡು ಕುಂದರೂದು ನಮ್ಮ ಬಾಳೇವು ಅಂತ ಕಾಣ್ತದ. ಇರಲಿ. ಇಬ್ಬರೂ ಕೂಡಿ ಕುಂದರೋಣ.

ನಿಮಗ ಗೊತ್ತಿಲ್ಲದ್ದು ಒಂದು ಹೇಳ್ತೀನಿ.

ಹೈದರಾಬಾದಿನಿಂದ ಬರುವಾಗ ತಾಂಡೂರ ದಾಟಿದ ಮ್ಯಾಲ ನೀವು ಸುಮ್ಮನಾದ್ರಿ. ನಾ ಅಂಜಿ ಮಾರಿ ನೋಡಿದೆ. ನಿದ್ದಿ ಹತ್ತಿತ್ತು. ಲಗ್ನ ಆದಾಗಿಂದ ನಿಮ್ಮ ಜೊತಿಗಿ ಎಷ್ಟು ಸಲ ರೈಲಿನಾಗ ಬಂದೀನಿ, ಒಮ್ಮೆಯೂ ನೀವು ಮಲಗಿದ್ದು ನೋಡಿಲ್ಲ. ಇಲ್ಲಿ ಬ್ರೇಕ್ ಬಿಗಿ ಹಾಕ್ಯಾನ, ಇಲ್ಲಿ ಹಾರ್ನ್ ತಡ ಆಯ್ತು ಅಂತ ಡ್ರೈವರಗ ಬೈಕೋತ, ಕುಂತ ಜಾಗಾದಾಗ ಕೈಲೆ ಬ್ರೇಕ್ ಎಳಕೋತ ಬರ್ತಿದ್ರಿ.

ಸೇಡಂ ಬಂತು, ಹೋಯ್ತು. ಚಿತ್ತಾಪುರದಾಗ ಮಂದಿ ಹತ್ತಿದ್ರು, ಗದ್ದಲ ಆಯ್ತು. ನೀವು ಏಳಲಿಲ್ಲ. ನಿಮ್ಮ ತಲಿ ನನ್ನ ಹೆಗಲ ಮ್ಯಾಲ ವಾಲಿತ್ತು. ಆಪರೇಷನ್ ಆದ ಕಡಿಯ ಕೂದಲಾ ನನ್ನ ಗದ್ದಕ್ಕ ತಾಗ್ತಿದ್ವು. ಗಾಡಿ ಜಗ್ಗಿದಾಗೊಮ್ಮೆ ನಿಮ್ಮ ಮೂಗಿನ ಹತ್ರ ಬೆರಳು ಹಿಡದು ಉಸಿರು ನೋಡಿದೆ. ಎದುರಿನ ಮುದುಕಿ ನಕ್ಕು "ಮಲಗಲಿ ಬಿಡವ್ವ, ಯಾಕ ಕಾಡ್ತಿ" ಅಂದಳು.

ವಾಡಿ ಬಂದಾಗ ಎಬ್ಬಿಸಬೇಕಂದೆ. ನಿಮ್ಮ ಜಂಕ್ಷನ್, ನಿಮ್ಮ ಮಂದಿ. ಇಂಜಿನ್ ಕಡಿಂದ ಯಾರೋ ಸೀಟಿ ಊದಿದ್ರು, ಗಾಡಿ ಹೊಂಡ್ತು. ಎಲ್ಲಾ ಅವರು ನೋಡಕೋತಾರ ಅನ್ನೋವರಂಗ ನೀವು ನಿದ್ದಿಗಣ್ಣಿನಾಗ ನನ್ನ ಸೆರಗು ಎಳಕೊಂಡು ಮಾರಿ ಮ್ಯಾಲ ಹಾಕ್ಕೊಂಡ್ರಿ.

ನಾ ಎಬ್ಬಿಸಲಿಲ್ಲ.

ನಿಮ್ಮ
ಲುಂಬಿನಿ